ದೆವ್ವದ ಗೂಡೂ ಕಳೆದುಹೋದ ದ್ರಾಕ್ಷಿಯೂ

ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ ತಯಾರಾಗಿ, ನೂರಕ್ಕೂ ಮಿಕ್ಕ ದೇಶಗಳ ಅಂಗಡಿಗಳಲ್ಲಿ ಮಾರಾಟವಾಗುವ ಒಂದು ಕೆಂಪು ದ್ರಾಕ್ಷಾಮದ್ಯವುಂಟು. ಅದರ ಹೆಸರು 'ಕಾಸಿಯೇರೊ ದೆಲ್ ದಿಯಾಬ್ಲೊ'. ಸ್ಪ್ಯಾನಿಷ್ ಭಾಷೆಯ ಈ ಮಾತನ್ನು ಕನ್ನಡದಲ್ಲಿ 'ದೆವ್ವದ ಗೂಡು' ಎನ್ನಬಹುದು. ಸೀಸೆಯ ಮೇಲೆ ದೆವ್ವದ ಮುಖದ ಮುದ್ರೆಯೂ ಇರುತ್ತದೆ. ಅಮೆರಿಕದ ಅಂಗಡಿಗಳಲ್ಲಿ ಇದರ ಬೆಲೆ ಸುಮಾರು ಹತ್ತು ಹನ್ನೆರಡು ಡಾಲರು. ಎಂದರೆ, ವೈನು ಊಟದ ಒಂದು ಅಂಗವಾಗಿರುವ ದೇಶಗಳಲ್ಲಿ ಸಾಧಾರಣ ಸಂಬಳದವನು ವಾರಕ್ಕೊಮ್ಮೆ ಕೊಳ್ಳಬಹುದಾದ ಸರಕು.

ಇದನ್ನು ತಯಾರಿಸುವ ಸಂಸ್ಥೆ 'ಕೊಂಚಾ ಇ ತೋರೊ'. ಇದನ್ನು ೧೮೮೩ರಲ್ಲಿ ಸ್ಥಾಪಿಸಿದವರು ಮೆಲ್ಚೋರ್ ದೆ ಕೊಂಚಾ ಇ ತೋರೊ ಎಂಬ ಶ್ರೀಮಂತರು. ಅವರು ವಕೀಲರು, ರಾಜಕಾರಣಿ, ಗಣಿ ಉದ್ಯಮದಲ್ಲಿ ಪಾಲು ಹೊಂದಿದ್ದವರು. ಮಾರ್ಕ್ವಿಸ್ ಎಂಬ ಬಿರುದು ಅವರಿಗೆ ವಂಶಪರಂಪರೆಯಿಂದ ಬಂದಿತ್ತು. ರಾಜಧಾನಿಯಾದ ಸಾಂತಿಯಾಗೊ ನಗರಕ್ಕೆ ಸಮೀಪದಲ್ಲಿ, ಮೈಪೊ ನದಿಯ ಕಣಿವೆಗೆ ಸೇರಿದ ಪಿರ್ಕೆ ಎಂಬಲ್ಲಿ ಅವರು ಫ್ರಾನ್ಸಿನ ಬೋರ್ಡೊ ಪ್ರಾಂತದ ತಳಿಗಳನ್ನು ನೆಡಿಸಿ, ವೈನು ತಯಾರಿಕೆಗೆ ಫ್ರೆಂಚ್ ತಜ್ಞನೊಬ್ಬನನ್ನು ನೇಮಿಸಿಕೊಂಡರು. ಸಂಸ್ಥೆಯವರು ಹೇಳುವ ಕಥೆ ಹೀಗಿದೆ: ಯಜಮಾನರು ಅತ್ಯುತ್ತಮವಾದ ವೈನನ್ನು ತಮಗಾಗಿ ಒಂದು ನೆಲಮಾಳಿಗೆಯಲ್ಲಿ ಇಡಿಸುತ್ತಿದ್ದರು. ಸೀಸೆಗಳು ಒಂದೊಂದಾಗಿ ಮಾಯವಾಗತೊಡಗಿದವು. ಆಗ ಯಜಮಾನರು ಆ ನೆಲಮಾಳಿಗೆಯಲ್ಲಿ ದೆವ್ವ ವಾಸವಾಗಿದೆ ಎಂಬ ಸುದ್ದಿಯನ್ನು ಹಬ್ಬಿಸಿದರು, ಕಳವು ನಿಂತುಹೋಯಿತು. ಈಗ ಅದೇ ನೆಲಮಾಳಿಗೆಯನ್ನು ಪ್ರವಾಸಿಗರಿಗೆ ತೋರಿಸುತ್ತಾರೆ. ೨೦೧೦ರಲ್ಲಿ ಇಂಗ್ಲೆಂಡಿನ ಹೆಸರಾಂತ ಕಾಲ್ಚೆಂಡು ತಂಡವಾದ ಮ್ಯಾಂಚೆಸ್ಟರ್ ಯುನೈಟೆಡ್ ಜೊತೆಗೆ ಒಪ್ಪಂದ ಮಾಡಿಕೊಂಡು ಈ ಹೆಸರನ್ನು ಲೋಕಕ್ಕೆಲ್ಲ ಸಾರಿದರು. ಒಂದು ವಿನೋದವನ್ನು ಇಲ್ಲಿ ಹೇಳಲೇಬೇಕು. ಇದರ ಹತ್ತು ಪಟ್ಟಿಗೂ ಮಿಕ್ಕ ಬೆಲೆಯ ವೈನೊಂದನ್ನೂ ಇದೇ ಸಂಸ್ಥೆ ತಯಾರಿಸುತ್ತದೆ. ಅದಕ್ಕೆ ಇಟ್ಟಿರುವುದು ಯಜಮಾನರ ಹೆಸರು, 'ದೋನ್ ಮೆಲ್ಚೋರ್'. ಅಗ್ಗದ ಸೀಸೆ ದೆವ್ವದ ಪಾಲಿಗೆ ಬಂದಿದೆ.

ಕುಡಿತವನ್ನು ಹೊಗಳುವುದು ಈ ಲೇಖನದ ಉದ್ದೇಶವಲ್ಲ. ಮದ್ಯಪಾನದಲ್ಲಿ ಆರೋಗ್ಯಕ್ಕೆ ಅಪಾಯವಿಲ್ಲದ ಪ್ರಮಾಣವೆಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೨೩ರಲ್ಲಿ ಸ್ಪಷ್ಟವಾಗಿ ಹೇಳಿತು. 'ಹೃದಯಕ್ಕೆ ಒಳ್ಳೆಯದು' ಎಂಬ ನೆಪವನ್ನು ಇನ್ನು ಯಾರೂ ಹುಡುಕಬೇಕಾಗಿಲ್ಲ. ನನ್ನ ತಕರಾರು ಬೇರೆ. ಈ ಸೀಸೆಯಲ್ಲಿರುವ ನಿಜವಾದ ಆಶ್ಚರ್ಯವನ್ನು ಬಿಟ್ಟು ಹುಸಿಯಾದ ಆಶ್ಚರ್ಯವನ್ನು ಅದರ ಮೇಲೆ ಅಂಟಿಸಿದ್ದಾರೆ. ಇದೇ ಹೆಸರಿನಲ್ಲಿ ಹಲವು ತಳಿಗಳ ವೈನುಗಳು ದೊರೆಯುತ್ತವೆ. ಅವುಗಳಲ್ಲಿ ಒಂದರ ಚೀಟಿಯ ಮೇಲೆ ದೆವ್ವದ ಕೆಳಗೆ 'ಕಾರ್ಮೆನೇರ್' ಎಂದು ಬರೆದಿರುತ್ತದೆ. ಆ ಒಂದು ಪದದ ಹಿಂದಿರುವ ವೃತ್ತಾಂತದ ಮುಂದೆ ದೆವ್ವದ ಕಥೆ ಮಕ್ಕಳಾಟದಂತೆ ತೋರುತ್ತದೆ.

ಮೊದಲು ದೆವ್ವದ ಲೆಕ್ಕವನ್ನು ತೀರಿಸಿಬಿಡೋಣ. ನೆಲಮಾಳಿಗೆಯಲ್ಲಿ ವೈನನ್ನು ಕಾಪಾಡುವುದು ಮಣ್ಣು. ನೆಲದ ಮೇಲ್ಮೈ ಹಗಲು ಕಾಯುತ್ತದೆ, ಇರುಳು ತಣಿಯುತ್ತದೆ. ಬೇಸಗೆಯಲ್ಲಿ ಕಾಯುತ್ತದೆ, ಚಳಿಗಾಲದಲ್ಲಿ ತಣಿಯುತ್ತದೆ. ಈ ಏರಿಳಿತಗಳು ಅಲೆಗಳಂತೆ ನೆಲದೊಳಕ್ಕೆ ಇಳಿಯುತ್ತವೆ. ಆದರೆ ಇಳಿದಂತೆಲ್ಲ ಕುಗ್ಗುತ್ತವೆ. ಸಾಮಾನ್ಯವಾದ ಮಣ್ಣಿನಲ್ಲಿ ದಿನದ ಅಲೆ ಸುಮಾರು ೧೨ ಸೆಂಟಿಮೀಟರು ಇಳಿಯುವಷ್ಟರಲ್ಲಿ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚಾಗಿ ಮಾತ್ರ ಉಳಿಯುತ್ತದೆ. ಅಲೆಯ ಅವಧಿ ಹೆಚ್ಚಿದರೆ ಈ ಆಳ ಅವಧಿಯ ವರ್ಗಮೂಲಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ೩೬೫ರ ವರ್ಗಮೂಲ ಸುಮಾರು ೧೯. ಆದುದರಿಂದ ವರ್ಷದ ಅಲೆ ಅಷ್ಟೇ ಕುಗ್ಗಬೇಕಾದರೆ ಸುಮಾರು ಎರಡೂಕಾಲು ಮೀಟರು ಇಳಿಯಬೇಕು. ಇಷ್ಟೇ ಅಲ್ಲ, ಅಲೆ ತಡವಾಗಿಯೂ ತಲಪುತ್ತದೆ. ಏಳು ಮೀಟರು ಆಳದಲ್ಲಿ ಈ ತಡ ಆರು ತಿಂಗಳು. ಮೇಲೆ ನಡುಬೇಸಗೆಯಿದ್ದಾಗ ಅಲ್ಲಿ ವರ್ಷದ ಅತ್ಯಂತ ತಂಪಾದ ಕಾಲ; ಆದರೆ ಅಷ್ಟು ಹೊತ್ತಿಗೆ ಅಲೆ ನೂರರಲ್ಲಿ ನಾಲ್ಕು ಪಾಲಿಗೆ ಇಳಿದಿರುವುದರಿಂದ, ಮೇಲೆ ೨೦ ಡಿಗ್ರಿಗಳ ಏರಿಳಿತವಿದ್ದರೂ ಕೆಳಗೆ ಒಂದು ಡಿಗ್ರಿಯೂ ಕಾಣದು. ಉತ್ತರ ಕರ್ನಾಟಕದ ಹಗೇವುಗಳಲ್ಲಿ ಜೋಳವನ್ನು ಕಾಪಾಡಿಕೊಂಡು ಬಂದವರಿಗೆ ನೆಲದ ಈ ಗುಣವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಳ್ಳರ ವಿಷಯ ಹೇಗೇ ಇರಲಿ, ಬಿಸಿಲಿನಿಂದ ವೈನನ್ನು ಕಾಯುವ ದೆವ್ವ ಇದೇ.

ಇನ್ನು ಕಾರ್ಮೆನೇರ್. ಇದು ಬೋರ್ಡೊ ಪ್ರಾಂತದ ಪುರಾತನ ತಳಿ. ಎಲೆ ಉದುರುವ ಕಾಲಕ್ಕೆ ಬಳ್ಳಿ ಕಡುಗೆಂಪಾಗುವುದರಿಂದ ಕೆಂಪು ಎಂಬರ್ಥದ ಈ ಹೆಸರು ಬಂತೆನ್ನುತ್ತಾರೆ. ೧೮೬೦ರ ದಶಕದಲ್ಲಿ ಫ್ರಾನ್ಸಿನ ತೋಟಗಳ ಮೇಲೆ ಒಂದು ವಿಪತ್ತು ಬಂದೆರಗಿತು. ಬಳ್ಳಿಗಳು ಕಾರಣವಿಲ್ಲದೆ ಒಣಗತೊಡಗಿದವು. ಸತ್ತ ಬಳ್ಳಿಯನ್ನು ಕಿತ್ತು ನೋಡಿದವರಿಗೆ ಏನೂ ಕಾಣಲಿಲ್ಲ. ಏಕೆಂದರೆ ಅಪರಾಧಿ ಆ ಹೊತ್ತಿಗೆ ಪಕ್ಕದ ಜೀವಂತ ಬಳ್ಳಿಗೆ ಸಾಗಿಬಿಟ್ಟಿರುತ್ತಿತ್ತು. ೧೮೬೮ರಲ್ಲಿ ಪ್ಲಾಂಶೋ ಎಂಬ ಸಸ್ಯಶಾಸ್ತ್ರಜ್ಞರೂ ಅವರ ಸಂಗಡಿಗರೂ ಇನ್ನೂ ಸಾಯದಿದ್ದ ಬಳ್ಳಿಯ ಬೇರನ್ನು ಪರೀಕ್ಷಿಸಿದಾಗ, ಬರಿಗಣ್ಣಿಗೆ ಹಳದಿ ಧೂಳಿನಂತೆ ಕಾಣುವ ಹೇನುಗಳ ಹಿಂಡು ಸಿಕ್ಕಿತು. ಇದೇ ಫಿಲಾಕ್ಸೆರ. ಉತ್ತರ ಅಮೆರಿಕದ ಮೂಲನಿವಾಸಿ. ಅಲ್ಲಿಯ ಕಾಡುದ್ರಾಕ್ಷಿಗಳು ಇದರೊಡನೆ ಯುಗಯುಗಗಳಿಂದ ಬಾಳಿ ತಡೆದುಕೊಳ್ಳುವ ಶಕ್ತಿಯನ್ನು ಪಡೆದಿದ್ದವು. ಯೂರೋಪಿನ ಬಳ್ಳಿಗೆ ಆ ಶಕ್ತಿಯಿರಲಿಲ್ಲ. ಪರಿಹಾರ ಕಂಡುಹಿಡಿದವರಿಗೆ ಫ್ರೆಂಚ್ ಸರ್ಕಾರ ೩ ಲಕ್ಷ ಫ್ರಾಂಕುಗಳ ಬಹುಮಾನವನ್ನು ಸಾರಿತು. ಕೊನೆಗೆ ಕೈಹಿಡಿದದ್ದು ಶತ್ರುವಿನ ತವರೂರೇ: ಅಮೆರಿಕದ ಬಳ್ಳಿಯ ಬೇರಿಗೆ ಫ್ರಾನ್ಸಿನ ಬಳ್ಳಿಯ ಕೊಂಬೆಯನ್ನು ಕಸಿ ಕಟ್ಟುವುದು. (ನಮ್ಮ ದ್ರಾಕ್ಷಿ ತೋಟಗಳಲ್ಲಿಯೂ 'ಡಾಗ್‌ರಿಡ್ಜ್' ಎಂಬ ಅಮೆರಿಕದ ಬೇರು ಬಳಕೆಯಲ್ಲಿದೆ, ಇಲ್ಲಿ ಅದು ಬಂದದ್ದು ಹೇನಿಗಾಗಿ ಅಲ್ಲ, ಚೌಳು ನೆಲವನ್ನೂ ನೀರಿನ ಅಭಾವವನ್ನೂ ತಡೆದುಕೊಳ್ಳಲು.)

ತೋಟಗಳನ್ನು ಹೊಸದಾಗಿ ನೆಡುವಾಗ ರೈತರು ಲೆಕ್ಕ ಹಾಕಿದರು. ಕಾರ್ಮೆನೇರ್ ಬಳ್ಳಿಯ ಹೂ ಥಂಡಿಯ ಮಳೆಗೆ ಸಿಕ್ಕಿದರೆ ಕಾಯಿ ಕಟ್ಟದೆ ಉದುರಿಹೋಗುತ್ತದೆ. ಕಟ್ಟಿದ ಕಾಯಿಯಾದರೂ ತಡವಾಗಿ ಹಣ್ಣಾಗುತ್ತದೆ. ಅಂಥ ಸೋಮಾರಿ ಬಳ್ಳಿಗೆ ಕಸಿಯ ಖರ್ಚು ಏಕೆ? ಅದನ್ನು ಕೈಬಿಟ್ಟರು. ಇಪ್ಪತ್ತನೆಯ ಶತಮಾನದಲ್ಲಿ ಅದು ಬಹುಮಟ್ಟಿಗೆ ಪುಸ್ತಕದ ಹೆಸರಾಗಿ ಉಳಿಯಿತು.

ಆದರೆ ಚಿಲಿಯ ಜಮೀನುದಾರರು ಬೋರ್ಡೊ ಬಳ್ಳಿಗಳನ್ನು ಈ ವಿಪತ್ತಿಗೆ ಮೊದಲೇ, ೧೮೫೦ರ ಆಸುಪಾಸಿನಲ್ಲಿ, ತರಿಸಿ ನೆಟ್ಟಿದ್ದರು. ಗಣಿಗಳಿಂದ ಬಂದ ಹೊಸ ಐಶ್ವರ್ಯ, ಫ್ರೆಂಚ್ ನಾಗರಿಕತೆಯ ಮೇಲಿನ ಮೋಹ, ಇವೆರಡೂ ಸೇರಿ ಮಾಡಿದ ಕೆಲಸವಿದು, ಮುಂದಾಲೋಚನೆಯೇನೂ ಅಲ್ಲ. ಉತ್ತರಕ್ಕೆ ಅಟಕಾಮ ಮರುಭೂಮಿ, ಪೂರ್ವಕ್ಕೆ ಆಂಡೀಸ್ ಪರ್ವತ, ಪಶ್ಚಿಮಕ್ಕೆ ಶಾಂತಸಾಗರ, ದಕ್ಷಿಣಕ್ಕೆ ಹಿಮ. ಹೇನು ಅಲ್ಲಿಗೆ ತಲಪಲೇ ಇಲ್ಲ, ಇಂದಿಗೂ ತಲಪಿಲ್ಲ. ಫ್ರಾನ್ಸಿನಲ್ಲಿ ಅಳಿದ ಬಳ್ಳಿ ಚಿಲಿಯಲ್ಲಿ ತನ್ನ ಸ್ವಂತ ಬೇರಿನ ಮೇಲೆ ನಿಂತಿತ್ತು.

ಆದರೆ ಅದು ಯಾರಿಗೂ ತಿಳಿದಿರಲಿಲ್ಲ. ಬೆರಕೆಯಾಗಿ ಬಂದ ಬಳ್ಳಿಗಳು ಬೆರಕೆಯಾಗಿಯೇ ಬೆಳೆದವು. ಕಾರ್ಮೆನೇರ್ ನೋಟಕ್ಕೆ ಮೆರ್ಲೊ ಎಂಬ ಇನ್ನೊಂದು ತಳಿಯನ್ನು ಹೋಲುತ್ತದೆ. ಹೋಲುವುದು ಸಹಜವೇ; ಇವೆರಡೂ 'ಕಾಬರ್ನೆ ಫ್ರಾಂಕ್' ಎಂಬ ಒಂದೇ ತಳಿಯಿಂದ ಹುಟ್ಟಿದ ಅರೆಸೋದರರೆಂದು ಈಚಿನ ವಂಶವಾಹಿ ಪರೀಕ್ಷೆಗಳು ತೋರಿಸಿವೆ. ಕಾಲಕ್ರಮದಲ್ಲಿ ಎರಡನ್ನೂ 'ಮೆರ್ಲೊ' ಎಂದೇ ಕರೆದರು, ಒಟ್ಟಿಗೇ ಕೊಯ್ದರು, ಒಂದೇ ತೊಟ್ಟಿಗೆ ಸುರಿದರು. ಮೆರ್ಲೊ ಹದವಾಗಿ ಹಣ್ಣಾದಾಗ ಕಾರ್ಮೆನೇರ್ ಇನ್ನೂ ಎಳಸು; ಇದು ಹಣ್ಣಾಗುವವರೆಗೆ ಕಾದರೆ ಅದು ಕಳಿತುಹೋಗುತ್ತದೆ. ಹೀಗಾಗಿ ಚಿಲಿಯ 'ಮೆರ್ಲೊ'ವಿನಲ್ಲಿ ಏನೋ ಒಂದು ಹಸುರು ವಾಸನೆ, ದೊಣ್ಣೆಮೆಣಸಿನಕಾಯಿಯ ವಾಸನೆ, ಬರುತ್ತಿತ್ತು. ಆ ಕಾಯಿಯಲ್ಲಿಯೂ ಎಳಸು ದ್ರಾಕ್ಷಿಯಲ್ಲಿಯೂ ಇರುವುದು ಪೈರಜೀನ್ ವರ್ಗಕ್ಕೆ ಸೇರಿದ ಒಂದೇ ರಾಸಾಯನಿಕ. ಒಂದು ಲೀಟರು ನೀರಿನಲ್ಲಿ ಒಂದು ಗ್ರಾಮಿನ ನೂರು ಕೋಟಿಯಲ್ಲಿ ಎರಡು ಪಾಲಿನಷ್ಟಿದ್ದರೆ ಸಾಕು, ಮನುಷ್ಯನ ಮೂಗು ಅದನ್ನು ಹಿಡಿಯುತ್ತದೆ. ಒಂದು ಕಿಲೋಮೀಟರು ಉದ್ದ, ೨೦೦ ಮೀಟರು ಅಗಲ, ೫ ಮೀಟರು ಆಳವಾದ ತುಂಬುಕೆರೆಗೆ ಎರಡೇ ಗ್ರಾಂ ಬೆರೆಸಿದಂತೆ! ವೈನಿನಲ್ಲಿ ಇನ್ನಿತರ ವಾಸನೆಗಳ ಗದ್ದಲವಿರುವುದರಿಂದ ಇದರ ಕೆಲವು ಪಟ್ಟು ಬೇಕಾಗುತ್ತದೆ, ಅಷ್ಟೆ. ಕಾಯಿ ಬಿಸಿಲಿನಲ್ಲಿ ಮಾಗಿದಂತೆ ಈ ವಸ್ತು ಕ್ಷೀಣಿಸುತ್ತದೆ.

ವ್ಯತ್ಯಾಸ ಎಲ್ಲರ ಮೂಗಿಗೂ ಗೊತ್ತಾಗಿತ್ತು. ಎಲೆ, ಚಿಗುರುಗಳಲ್ಲಿಯೂ ಕಾಣುತ್ತಿತ್ತು. ಆದರೆ ಪ್ರಶ್ನೆ ಕೇಳುವ ಬದಲು ಒಂದು ವಿಶೇಷಣವನ್ನು ಸೇರಿಸಿ ಸುಮ್ಮನಾದರು: ಇದು 'ಚಿಲಿಯ ಮೆರ್ಲೊ', 'ಪೆವುಮಾಲ್ ಮೆರ್ಲೊ'. ಪೆವುಮೊ ಎಂಬುದು ಇಂಥ ಬಳ್ಳಿ ಹೇರಳವಾಗಿದ್ದ ಒಂದು ಊರು. ಹೆಸರಿಗೆ ಊರಿನ ಹೆಸರು ಅಂಟಿದೊಡನೆ ವ್ಯತ್ಯಾಸಕ್ಕೆ ಕಾರಣ ಸಿಕ್ಕಂತಾಯಿತು. ಮಣ್ಣಿನ ಗುಣ, ನೀರಿನ ಗುಣ!

ಭೌತವಿಜ್ಞಾನವನ್ನು ಓದಿದವರಿಗೆ ಇಲ್ಲಿ ಇನ್ನೊಂದು ಪ್ರಸಂಗ ನೆನಪಾಗದೆ ಇರದು. ಲಾರ್ಡ್ ರೇಲಿ ಅವರು ಗಾಳಿಯಿಂದ ಬೇರ್ಪಡಿಸಿದ ಸಾರಜನಕವನ್ನೂ ರಾಸಾಯನಿಕಗಳಿಂದ ತಯಾರಿಸಿದ ಸಾರಜನಕವನ್ನೂ ತೂಗಿ ನೋಡಿದಾಗ, ಗಾಳಿಯದು ಸಾವಿರಕ್ಕೆ ಐದು ಪಾಲಿನಷ್ಟು ಹೆಚ್ಚು ಭಾರವಾಗಿತ್ತು. 'ಗಾಳಿಯ ಸಾರಜನಕದ ಗುಣವೇ ಹಾಗೆ' ಎಂದು ಸುಮ್ಮನಾಗಬಹುದಿತ್ತು. ಅವರು ಸುಮ್ಮನಾಗಲಿಲ್ಲ, ರಾಮ್ಸೆ ಅವರೂ ಜೊತೆಗೂಡಿದರು, ೧೮೯೪ರಲ್ಲಿ ಆರ್ಗಾನ್ ಎಂಬ ಹೊಸ ಮೂಲವಸ್ತು ಹೊರಬಿತ್ತು. ನಾವು ಉಸಿರಾಡುವ ಗಾಳಿಯ ನೂರರಲ್ಲಿ ಹೆಚ್ಚುಕಡಮೆ ಒಂದು ಪಾಲು ಅದೇ. ಅಷ್ಟು ದಿನ ಇನ್ನೊಂದರ ಹೆಸರಿನಲ್ಲಿ ಅಡಗಿ ಕುಳಿತಿತ್ತು.

ಇದಾಗಿ ಸರಿಯಾಗಿ ನೂರು ವರ್ಷಗಳ ಮೇಲೆ, ೧೯೯೪ರ ನವೆಂಬರಿನಲ್ಲಿ, ದ್ರಾಕ್ಷಿಕೃಷಿ ತಜ್ಞರ ಸಮ್ಮೇಳನವೊಂದಕ್ಕಾಗಿ ಸಾಂತಿಯಾಗೊ ನಗರಕ್ಕೆ ಬಂದಿದ್ದ ಝಾನ್ ಮಿಶೆಲ್ ಬೂರ್ಸಿಕೊ ಎಂಬ ಫ್ರೆಂಚ್ ಶಾಸ್ತ್ರಜ್ಞರು ಮೈಪೊ ಕಣಿವೆಯ 'ಕಾರ್ಮೆನ್' ಎಂಬ ಸಂಸ್ಥೆಯ ತೋಟವನ್ನು ಹೊಕ್ಕರು. ಭೂಮಧ್ಯರೇಖೆಯ ಆಚೆ ನವೆಂಬರ್ ವಸಂತಕಾಲ, ಬಳ್ಳಿಗಳಲ್ಲಿ ಹೂವಿತ್ತು. ಮೆರ್ಲೊ ಎಂದು ತೋರಿಸಿದ ಬಳ್ಳಿಯ ಹೂವಿನಲ್ಲಿ ಕೇಸರಗಳು ನೆಟ್ಟಗಿರದೆ ತಿರುಚಿಕೊಂಡಿದ್ದವು. ಎಳೆಯ ಎಲೆಯ ತಳ ಬಿಳುಪಾಗಿರದೆ ಕೆಂಪು ಛಾಯೆ ಹೊತ್ತಿತ್ತು. ಇದು ಮೆರ್ಲೊ ಅಲ್ಲ, ಕಾರ್ಮೆನೇರ್ ಎಂದು ಅವರು ಹೇಳಿದರು. ಮುಂದೆ ವಂಶವಾಹಿ ಪರೀಕ್ಷೆಗಳು ಅದನ್ನೇ ಸ್ಥಿರಪಡಿಸಿದವು. ಒಂದು ಭೂತಗನ್ನಡಿ ಸಾಕಾಗುವ ಕೆಲಸಕ್ಕೆ ಒಂದು ಶತಮಾನಕ್ಕಿಂತ ಹೆಚ್ಚು ಕಾಲ ಹಿಡಿದಿತ್ತು. ಇನ್ನೂ ಒಂದು ಮಾತು: ಇಟಲಿಯ ಈಶಾನ್ಯ ಭಾಗದಲ್ಲಿ ಕಾಬರ್ನೆ ಫ್ರಾಂಕ್ ಎಂದು ಬೆಳೆಸಿದ್ದ ಬಳ್ಳಿಗಳಲ್ಲಿ ಎಷ್ಟೋ ಬಳ್ಳಿಗಳೂ, ಚೀನದಲ್ಲಿ 'ಕಾಬರ್ನೆ ಗೆರ್ನಿಷ್ಟ್' ಎಂದು ಕರೆಯುವ ಬಳ್ಳಿಯೂ ಇದೇ ಕಾರ್ಮೆನೇರ್ ಎಂದು ಆಮೇಲೆ ತಿಳಿದುಬಂತು.

ಚಿಲಿಯಲ್ಲಿ ಈ ಸುದ್ದಿಗೆ ಮೊದಮೊದಲು ಸ್ವಾಗತ ಸಿಕ್ಕಲಿಲ್ಲ. ಮೆರ್ಲೊ ಎಂಬ ಹೆಸರಿಗೆ ಆಗ ಅಮೆರಿಕದ ಪೇಟೆಯಲ್ಲಿ ಒಳ್ಳೆಯ ಗಿರಾಕಿ; ಹೆಸರೇ ಕೇಳದ ಕಾರ್ಮೆನೇರ್ ಯಾರಿಗೆ ಬೇಕು? ಕೊಂಚಾ ಇ ತೋರೊ ಸಂಸ್ಥೆಯ ಷೇರುಗಳು ನ್ಯೂಯಾರ್ಕಿನ ಷೇರುಕಟ್ಟೆಗೆ ಕಾಲಿಟ್ಟದ್ದೂ ಅದೇ ೧೯೯೪ರಲ್ಲಿ ಎಂಬುದನ್ನು ನೆನೆದರೆ ಈ ಅಳುಕು ಅರ್ಥವಾಗುತ್ತದೆ. ಆದರೂ ಸತ್ಯವನ್ನು ಒಪ್ಪಿದ ಮೇಲೆ ಲಾಭ ಕಂಡುಬಂತು. ಎರಡು ಬಳ್ಳಿಗಳನ್ನೂ ಬೇರೆ ಬೇರೆ ಗುರುತಿಸಿ, ಕಾರ್ಮೆನೇರನ್ನು ಕೆಲವು ವಾರ ತಡೆದು ಕೊಯ್ದಾಗ, ಆ ಹಸುರು ವಾಸನೆ ಅಡಗಿ ಎರಡು ವೈನುಗಳೂ ಸುಧಾರಿಸಿದವು. ಇಂದು ಚಿಲಿಯಲ್ಲಿ ಸುಮಾರು ೧೦ ಸಾವಿರ ಹೆಕ್ಟೇರುಗಳಲ್ಲಿ ಈ ಬಳ್ಳಿಯಿದೆ. ಹಿಂದೆ ಹುಸಿ ಹೆಸರಿಗೆ ಆಶ್ರಯವಿತ್ತ ಪೆವುಮೊ ಪ್ರದೇಶದಲ್ಲಿಯೇ ಕೊಂಚಾ ಇ ತೋರೊ ತನ್ನ ಅತ್ಯುತ್ತಮ ಕಾರ್ಮೆನೇರನ್ನು ಬೆಳೆಯುತ್ತಿದೆ.

ಇಷ್ಟಾದರೂ ಅದು ಅಗ್ಗವಾಗಿರುವುದು ಹೇಗೆ? ಸಂಬಳ ಕಡಮೆ, ತಯಾರಿಕೆ ಅಪಾರ. ಇದು ಅರ್ಥಶಾಸ್ತ್ರದವರ ಉತ್ತರ, ಅದೂ ನಿಜವೇ. ಆದರೆ ಪ್ರಕೃತಿಯ ಪಾಲು ದೊಡ್ಡದು. ಬಹುಪಾಲು ತೋಟಗಳಿಗೆ ಕಸಿಯ ಖರ್ಚಿಲ್ಲ. ಕರಾವಳಿಯ ಗುಂಟ ಹರಿಯುವ ಹಂಬೋಲ್ಟ್ ಎಂಬ ತಣ್ಣನೆಯ ಸಾಗರಪ್ರವಾಹದ ದೆಸೆಯಿಂದ ಮಧ್ಯ ಚಿಲಿಯ ಬೇಸಗೆ ಒಣಬೇಸಗೆ. ಬೂಷ್ಟು ರೋಗಗಳು ವಿರಳ, ಔಷಧಿ ಸಿಂಪಡಿಸುವ ವೆಚ್ಚ ಕಡಮೆ. ನೀರಾವಿ ಕಡಮೆಯಾದ ಗಾಳಿ ನೆಲದ ಶಾಖವನ್ನು ಹಿಡಿದಿಡಲಾರದು; ಇರುಳಾದೊಡನೆ ಶಾಖವೆಲ್ಲ ಅವಕೆಂಪು ಕಿರಣಗಳಾಗಿ ಆಕಾಶಕ್ಕೆ ಹಾರಿಹೋಗುತ್ತದೆ, ಮೇಲಿಂದ ಆಂಡೀಸಿನ ತಂಪುಗಾಳಿ ಕಣಿವೆಗಿಳಿಯುತ್ತದೆ. ಹಗಲಿಗೂ ಇರುಳಿಗೂ ೧೫ರಿಂದ ೨೦ ಡಿಗ್ರಿ ಅಂತರವಿರುವುದುಂಟು. ಹಗಲಿನ ಬಿಸಿಲು ಹಣ್ಣಿಗೆ ಸಕ್ಕರೆ ತುಂಬುತ್ತದೆ. ಇರುಳಿನ ತಂಪು ಹುಳಿಯನ್ನು ಉಳಿಸುತ್ತದೆ. ಬೇರೆಡೆ ಹಣ ತೆತ್ತು ಸಾಧಿಸಬೇಕಾದ ಸಮತೋಲ ಇಲ್ಲಿ ಬಿಟ್ಟಿಯಾಗಿ ಬರುತ್ತದೆ.

ಇದಕ್ಕೆ ಉಕ್ಕಿನ ತೊಟ್ಟಿ ಸೇರಿತು. ಹಣ್ಣಿನ ರಸ ಹುದುಗುವಾಗ ಶಾಖ ಹುಟ್ಟುತ್ತದೆ. ಲೀಟರಿಗೆ ೨೦೦ ಗ್ರಾಂ ಸಕ್ಕರೆಯಿರುವ ರಸದ ಶಾಖ ಹೊರಗೆ ಹೋಗದಂತಿದ್ದರೆ ಅದರ ಉಷ್ಣತೆ ಸುಮಾರು ೨೫ ಡಿಗ್ರಿ ಏರಬೇಕು. ೨೦ ಡಿಗ್ರಿಯಲ್ಲಿ ಆರಂಭವಾದದ್ದು ೪೫ಕ್ಕೆ ಮುಟ್ಟುವ ಮೊದಲೇ ಯೀಸ್ಟ್ ಜೀವಿಗಳು ಸಾಯುತ್ತವೆ, ರಸ ಕೆಡುತ್ತದೆ. ಹಳೆಯ ಕಾಲದ ರೌಲಿ ಮರದ ದೊಡ್ಡ ಪೀಪಾಯಿಗಳಲ್ಲಿ ಈ ಶಾಖವನ್ನು ಹೊರಹಾಕುವುದು ಕಷ್ಟವಾಗಿತ್ತು. ೧೯೭೯ರಲ್ಲಿ ಸ್ಪೇನಿನಿಂದ ಬಂದು ಚಿಲಿಯಲ್ಲಿ ತೋಟ ಕೊಂಡ ಮಿಗೆಲ್ ತೋರೆಸ್ ಅವರು ಹೊರಮೈಯನ್ನು ತಣಿಸಬಹುದಾದ ತುಕ್ಕುಹಿಡಿಯದ ಉಕ್ಕಿನ ತೊಟ್ಟಿಗಳನ್ನು ತಂದರು, ಉಳಿದವರು ಹಿಂಬಾಲಿಸಿದರು. ಅಗ್ಗದ ವೈನು ಎಂದರೆ ಹುಳಿತ ವೈನು ಎಂಬ ಮಾತು ಹಳೆಯದಾದದ್ದು ಬಹುಮಟ್ಟಿಗೆ ಈ ತೊಟ್ಟಿಗಳಿಂದ.

'ಜಾಹೀರಾತಿನಲ್ಲಿ ಯಾರಾದರೂ ಹೇನು, ಕೇಸರ, ಉಷ್ಣವಹನಗಳ ಪಾಠ ಹೇಳುತ್ತಾರೆಯೇ? ಗಿರಾಕಿಗೆ ಬೇಕಾದದ್ದು ಕಥೆ' ಎಂದು ವ್ಯಾಪಾರದವರು ನಗಬಹುದು. ಸತ್ತಿತೆಂದು ಲೋಕವೇ ಕೈಬಿಟ್ಟ ಬಳ್ಳಿಯೊಂದು ಪರದೇಶದಲ್ಲಿ, ಪರರ ಹೆಸರಿನಲ್ಲಿ, ಮೂರು ನಾಲ್ಕು ತಲೆಮಾರು ಬದುಕಿ ಹೊರಬಂದದ್ದು ಕಥೆಯಲ್ಲವೆ? ನಮ್ಮ ಯಾವ ಅಜ್ಜಿಯ ಕಥೆಗೆ ಇದು ಕಡಮೆ? ದೆವ್ವ ಇರಲಿ, ಬೇಡವೆನ್ನುವುದಿಲ್ಲ. ಆದರೆ ದೆವ್ವವನ್ನು ಮಾತ್ರ ಬಲ್ಲ ಗಿರಾಕಿ ತನ್ನ ಕೈಯಲ್ಲಿರುವ ಸೀಸೆ ಎಷ್ಟು ತೆಳುವಾದ ಆಧಾರದ ಮೇಲೆ ನಿಂತಿದೆಯೆಂಬುದನ್ನು ಅರಿಯಲಾರ. ನನ್ನ ಆಕ್ಷೇಪಣೆಯ ತಿರುಳು ಇದೇ.

ಸ್ವಂತ ಬೇರಿನ ಮೇಲೆ ನಿಂತ ಚಿಲಿಯ ಬಳ್ಳಿಗೆ ಫಿಲಾಕ್ಸೆರದ ಎದುರಿಗೆ ಯಾವ ರಕ್ಷಣೆಯೂ ಇಲ್ಲ. ಪರ್ವತ ಸಾಗರಗಳು ಹೇನನ್ನು ತಡೆದವು. ಆದರೆ ವಿಮಾನದ ಕಾಲದಲ್ಲಿ ಪರ್ವತ ಸಾಗರಗಳನ್ನು ಯಾರು ಲೆಕ್ಕಿಸುತ್ತಾರೆ? ಬೇರೆ ದೇಶದ ತೋಟದಲ್ಲಿ ಓಡಾಡಿದವನ ಬೂಟಿಗೆ ಅಂಟಿದ ಮಣ್ಣು ಸಾಕು. ಯಾರೋ ಆಸೆಯಿಂದ ಪೆಟ್ಟಿಗೆಯಲ್ಲಿ ಅಡಗಿಸಿ ತಂದ ಒಂದು ಬಳ್ಳಿಯ ತುಂಡು ಸಾಕು. ಅದಕ್ಕಾಗಿಯೇ ಚಿಲಿಯ ಕೃಷಿ ಇಲಾಖೆಯ ಸಿಬ್ಬಂದಿ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರ ಸಾಮಾನನ್ನು ತಪಾಸಣೆ ಮಾಡುತ್ತಾರೆ, ಹಣ್ಣು ಬೀಜಗಳನ್ನು ಮರೆಮಾಚಿದವರಿಗೆ ದಂಡ ಹಾಕುತ್ತಾರೆ. ಪಿರ್ಕೆಯ ನೆಲಮಾಳಿಗೆಯಲ್ಲಿ ದೆವ್ವದ ಕಥೆ ಕೇಳಲು ಬರುವ ಪ್ರವಾಸಿಗೆ ಈ ತಪಾಸಣೆ ಬರಿಯ ಕಿರುಕುಳವಾಗಿ ತೋರುತ್ತದೆ. ಹೇನಿನ ಕಥೆಯನ್ನು ಅದೇ ನೆಲಮಾಳಿಗೆಯಲ್ಲಿ, ಅದೇ ಉತ್ಸಾಹದಿಂದ ಹೇಳಿದ್ದರೆ ಅವನು ಬೂಟನ್ನು ತಾನಾಗಿ ತೊಳೆದುಕೊಂಡು ಬರುತ್ತಿದ್ದನೇನೋ.

ನೀರಿನ ವಿಚಾರವೂ ಹಾಗೆಯೇ. ಒಣಬೇಸಗೆಯಲ್ಲಿ ತೋಟಗಳು ಬದುಕುವುದು ಆಂಡೀಸಿನ ಹಿಮ ಕರಗಿ ಇಳಿದು ಬರುವ ಮೈಪೊ, ಕಾಚಾಪೋಲ್ ಮೊದಲಾದ ನದಿಗಳಿಂದ. ೨೦೧೦ರಿಂದ ಮೊದಲ್ಗೊಂಡು ಹತ್ತು ವರ್ಷಕ್ಕೂ ಮಿಕ್ಕು ಮಧ್ಯ ಚಿಲಿಯನ್ನು ಕಾಡಿದ ಮಹಾಬರದಲ್ಲಿ ಮಳೆ ವಾಡಿಕೆಗಿಂತ ನೂರಕ್ಕೆ ಇಪ್ಪತ್ತು ಮೂವತ್ತರಷ್ಟು ಕಡಮೆಯಾಯಿತು. ೧೯೮೧ರ ಜಲಕಾನೂನು ನೀರಿನ ಹಕ್ಕನ್ನು ಜಮೀನಿನಿಂದ ಬೇರ್ಪಡಿಸಿ ಕೊಳ್ಳುವ ಮಾರುವ ಸರಕನ್ನಾಗಿ ಮಾಡಿತ್ತು. ದೊಡ್ಡ ತೋಟಗಳಿಗೆ ನೀರಿದ್ದು ಹಳ್ಳಿಗರು ಟ್ಯಾಂಕರಿನ ದಾರಿ ಕಾಯುವ ಪರಿಸ್ಥಿತಿ ಕೆಲವೆಡೆ ಬಂದೊದಗಿತು. ೨೦೨೨ರಲ್ಲಿ ಆ ಕಾನೂನನ್ನು ತಿದ್ದಿ ಕುಡಿಯುವ ನೀರಿಗೆ ಮೊದಲ ಸ್ಥಾನವಿತ್ತರು. ಹತ್ತು ಡಾಲರಿನ ಸೀಸೆಯ ಬೆಲೆಯಲ್ಲಿ ಗಾಜು, ಬಿರಡೆ, ಚೀಟಿ, ಹಡಗಿನ ಬಾಡಿಗೆ, ಕಾಲ್ಚೆಂಡು ತಂಡಕ್ಕೆ ಕೊಟ್ಟ ಹಣ ಎಲ್ಲವೂ ಸೇರಿವೆ. ಹಿಮದ ಬೆಲೆಯನ್ನು ಇನ್ನೂ ಯಾರೂ ಅದರಲ್ಲಿ ಸೇರಿಸಿಲ್ಲ. ತಡವಾಗಿ ಹಣ್ಣಾಗುವ ಕಾರ್ಮೆನೇರ್ ಬಳ್ಳಿಗೆ, ಉಳಿದವುಗಳ ಕೊಯ್ಲು ಮುಗಿದ ಮೇಲೂ, ಇನ್ನು ಕೆಲವು ವಾರ ನೀರು ಬೇಕು.